ಕಾರಿನ ಬೆನ್ನಿಗೆ ಸೈಕಲ್ಲು

ಭಾನುವಾರ ಬೆಳಗ್ಗೆ ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡ್ ಎದುರು ಸ್ವಲ್ಪ ಹೊತ್ತು ನಿಂತು ನೋಡಿ. ಬೆಂಗಳೂರು ಕಡೆಯ ನಂಬರಿನ ಕಾರೊಂದು ಬೆನ್ನಿಗೆ ಎರಡು ಸೈಕಲ್ ಕಟ್ಟಿಕೊಂಡು ಹೋಗುವುದು ಈಗ ಅಪರೂಪವೇನಲ್ಲ. ಬಸ್ಸಿಗೆ ಕಾಯುವವರೆಲ್ಲ ಒಮ್ಮೆ ತಿರುಗಿ ನೋಡುತ್ತಾರೆ. ‘ಕಾರು ಇದ್ದವನಿಗೆ ಸೈಕಲ್ ಎಂತಕ್ಕೆ ಮಾರಾಯ?’ ಎಂದು ಒಬ್ಬರು ಕೇಳಿದರೆ, ‘ಪೆಟ್ರೋಲ್ ಮುಗಿದರೆ ಬೇಕಲ್ಲ’ ಎಂದು ಇನ್ನೊಬ್ಬರು ನಗುತ್ತಾರೆ. ನನ್ನ ಕಣ್ಣು ಮಾತ್ರ ಸೈಕಲ್ಲಿಗಿಂತ ಅದನ್ನು ಹಿಡಿದುಕೊಂಡ ಕಬ್ಬಿಣದ ಮೇಲೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಎರಡು ಇಂಟರ್‌ವ್ಯೂ ಕೊಟ್ಟು, ಮೂರನೆಯದರ ಕರೆಗೆ ಕಾಯುತ್ತಾ ಇರುವವನ ಕಣ್ಣು ಇನ್ನೆಲ್ಲಿಗೆ ಹೋದೀತು?

ಆ ಕಬ್ಬಿಣದಂಥದ್ದೇ ಒಂದು ನಮ್ಮ ಮನೆಗೂ ಬಂದಿದೆ. ದೊಡ್ಡಪ್ಪನ ಮಗ ಆರು ವರ್ಷ ಅಮೆರಿಕದಲ್ಲಿದ್ದು ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಅಲ್ಲಿಯ ಸೈಕಲ್ ರ‍್ಯಾಕನ್ನೂ ಕಂಟೇನರಿಗೆ ಹಾಕಿಸಿದ್ದರು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದನ್ನಿಡಲು ಜಾಗವಿಲ್ಲ. ‘ನಿಮಗೆ ಅಂಗಳ ಉಂಟಲ್ಲ, ತಂಗಿಯ ಸೈಕಲ್ ತರಲಿಕ್ಕೆ ಆಗ್ತದೆ’ ಎಂದು ನಮ್ಮಲ್ಲಿ ತಂದು ಇಳಿಸಿದರು. ಅಜ್ಜಿ ಸುತ್ತ ಒಂದು ಬಾರಿ ನಡೆದು ನೋಡಿ, ‘ಇದೆಂತ, ಟಿಲ್ಲರಿಗೆ ಸಿಕ್ಕಿಸುವುದಾ?’ ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಅದು ಯಾವುದಕ್ಕಾದರೂ ಸಿಕ್ಕಿಸಲೇಬೇಕಾದ ವಸ್ತು. ಸಿಕ್ಕಿಸಲು ಬೇಕಾದ ತೂತು ಮಾತ್ರ ನಮ್ಮ ಕಾರಿನಲ್ಲಿ ಇರಲಿಲ್ಲ.

ತಂಗಿಯ ವಿಷಯ ಹೇಳಬೇಕು. ಅವಳು ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಬೆಳಗ್ಗೆ ಐದೂವರೆಗೆ ಎದ್ದು ಸೈಕಲ್ ಅಭ್ಯಾಸ. ರಜೆ ಬಂತೆಂದರೆ ಸೈಕಲ್ಲೂ ಗುರುವಾಯನಕೆರೆ ಬಳಿಯ ನಮ್ಮ ಮನೆಗೆ ಬರಬೇಕು, ಇಲ್ಲವಾದರೆ ಒಂದು ತಿಂಗಳ ಅಭ್ಯಾಸ ಹೋಯಿತು. ವೇಣೂರು ದಾರಿಯಾಗಿ ಮೂವತ್ತು ಕಿಲೋಮೀಟರ್ ಆಸುಪಾಸು. ಅವಳಿಗೆ ಅದೇನೂ ದೂರವಲ್ಲ. ಆದರೆ ಬೆನ್ನಿಗೆ ರಜೆಯ ಬಟ್ಟೆ, ಪುಸ್ತಕದ ಬ್ಯಾಗು ಹೊತ್ತು, ಎದುರಿನಿಂದ ಬಸ್ಸು, ಹಿಂದಿನಿಂದ ಟಿಪ್ಪರ್ ಬರುವ ತಿರುವುಗಳಲ್ಲಿ ಒಬ್ಬಳೇ ಬರಲು ಅಪ್ಪ ಒಪ್ಪುವುದಿಲ್ಲ. ‘ನೀನು ಬಿಡುವುದು ನನಗೆ ಹೆದರಿಕೆ ಇಲ್ಲ, ಉಳಿದವರು ಬಿಡುವುದು ಹೆದರಿಕೆ’ ಎನ್ನುತ್ತಾರೆ. ಹಾಗಾಗಿ ವರ್ಷಕ್ಕೆ ನಾಲ್ಕೈದು ಸಲ ಆ ಸೈಕಲ್ಲನ್ನು ಹೊತ್ತು ತರುವ, ಹೊತ್ತು ಬಿಡುವ ಕೆಲಸ ಮನೆಯ ಕಾರಿಗೆ.

ಬಸ್ಸಿನಲ್ಲಿ ಹಾಕಬಹುದಲ್ಲ ಎಂದು ಹಿರಿಯರು ಕೇಳುತ್ತಾರೆ. ಅವರ ಕಾಲದಲ್ಲಿ ಆಗುತ್ತಿತ್ತು. ಸರ್ವಿಸ್ ಬಸ್ಸಿನ ಹಿಂದೆ ಏಣಿ, ಮೇಲೆ ಕಂಬಿಯ ಟಾಪ್. ಬಾಳೆಗೊನೆ, ಹಲಸಿನಕಾಯಿ, ಹಾಸಿಗೆ, ಕೋಳಿಬುಟ್ಟಿ, ಅದರ ನಡುವೆ ಒಂದು ಸೈಕಲ್. ಕ್ಲೀನರ್ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಸೈಕಲ್ ಹಿಡಿದು ಸರಸರನೆ ಹತ್ತುತ್ತಿದ್ದರಂತೆ. ಅಪ್ಪ ಇದನ್ನು ಹೇಳುವಾಗ ಆ ಕ್ಲೀನರನ್ನು ಸಿನಿಮಾ ಹೀರೊನ ಹಾಗೆ ವರ್ಣಿಸುತ್ತಾರೆ. ಈಗಿನ ಬಸ್ಸುಗಳಲ್ಲಿ ಏಣಿಯೂ ಇಲ್ಲ, ಟಾಪೂ ಇಲ್ಲ, ನಿಮಿಷ ಲೆಕ್ಕ ಹಾಕಿ ಓಡುವ ಕಂಡಕ್ಟರಿಗೆ ಪುರುಸೊತ್ತೂ ಇಲ್ಲ.

ಇನ್ನು ರ‍್ಯಾಕಿನ ವಿಷಯ. ಅಮೆರಿಕದಲ್ಲಿ ಇದಕ್ಕೆ ಹಿಚ್ ರ‍್ಯಾಕ್ ಎನ್ನುತ್ತಾರೆ. ಅಲ್ಲಿ ಪಿಕಪ್, ಎಸ್‌ಯುವಿಗಳ ಹಿಂದೆ ಬಂಪರಿನ ಕೆಳಗೆ ಚೌಕಾಕಾರದ ಒಂದು ಕೊಳವೆ ಇರುತ್ತದೆ. ದೋಣಿ, ಟ್ರೇಲರ್, ಕ್ಯಾರವಾನ್ ಎಳೆಯಲು ಇರುವ ವ್ಯವಸ್ಥೆ ಅದು. ಹೆಸರು ರಿಸೀವರ್. ಎರಡು ಅಳತೆ ಸಾಮಾನ್ಯ: ಚಿಕ್ಕ ವಾಹನಗಳಿಗೆ ಒಂದೂಕಾಲು ಇಂಚು, ದೊಡ್ಡದಕ್ಕೆ ಎರಡು ಇಂಚು. ಅದರೊಳಗೆ ರ‍್ಯಾಕಿನ ಚೌಕದ ಕಾಲನ್ನು ತೂರಿಸಿ ಅಡ್ಡಲಾಗಿ ಒಂದು ಪಿನ್ ಹಾಕಿದರೆ ಮುಗಿಯಿತು. ಎರಡು ಇಂಚಿನದಕ್ಕೆ ಪಿನ್ನಿನ ದಪ್ಪ 5/8 ಇಂಚು, ಅಂದರೆ 16 ಮಿ.ಮೀ. ಹತ್ತಿರ. ವಾರಾಂತ್ಯದಲ್ಲಿ ದೋಣಿ ಎಳೆಯುವವರು ದೋಣಿ ಎಳೆದರು, ಸೈಕಲ್ ಹುಚ್ಚಿನವರು ಅದೇ ತೂತಿಗೆ ಸೈಕಲ್ ರ‍್ಯಾಕ್ ಸಿಕ್ಕಿಸಿದರು.

ನಮ್ಮಲ್ಲಿ ಕಾರಿನ ಹಿಂದೆ ಎಳೆಯುವುದು ಏನಿದೆ? ದೋಣಿ ಎಳೆಯುವವರಿಲ್ಲ. ಅಡಿಕೆ ಇದ್ದರೆ ಪಿಕಪ್ಪೋ ರಿಕ್ಷಾ ಟೆಂಪೊವೋ ಬರುತ್ತದೆ. ಹಾಗಾಗಿ ನಮ್ಮ ಮನೆಮಂದಿಯ ಕಾರುಗಳು ಆ ಕೊಳವೆ ಇಲ್ಲದೆಯೇ ಬರುತ್ತವೆ. ಬಂಪರಿನ ಹಿಂದೆ ಒಂದು ಕೊಕ್ಕೆ ಇರುತ್ತದೆ, ಕೆಟ್ಟು ನಿಂತಾಗ ಹಗ್ಗ ಕಟ್ಟಿ ಎಳೆಯಲು. ‘ಅದಕ್ಕೇ ಸಿಕ್ಕಿಸುವ’ ಎಂದು ಸಲಹೆ ಕೊಡುವವರು ಬೇಕಾದಷ್ಟು ಸಿಗುತ್ತಾರೆ. ಆ ಕೊಕ್ಕೆ ನೇರ ಎಳೆತಕ್ಕೆ ಮಾಡಿದ್ದು. ಮೇಲಿನಿಂದ ಕೆಳಕ್ಕೆ ತೂಗುವ ಭಾರ ಅದನ್ನು ಬಾಗಿಸುತ್ತದೆ. ಬಾವಿಯ ಹಗ್ಗ ಗಟ್ಟಿ ಉಂಟೆಂದು ಅದನ್ನು ಅಡ್ಡ ಹಿಡಿದು ಅದರ ಮೇಲೆ ನಡೆಯಲು ಹೋಗುತ್ತೇವೆಯೇ?

ರ‍್ಯಾಕನ್ನು ಪಿಕಪ್ಪಿಗೆ ಹಾಕಿಕೊಂಡು ನಾನು ಹೋದದ್ದು ಬಂಟ್ವಾಳ ಕಡೆಯ ಒಂದು ವೆಲ್ಡಿಂಗ್ ಶಾಪಿಗೆ. ಕೆಲಸ ಸಿಗುವವರೆಗೆ ಮನೆಯಲ್ಲಿ ಕೂರುವ ಬದಲು ಅಲ್ಲಿ ವಾರಕ್ಕೆ ಮೂರು ದಿನ ಹೋಗಿ ಡ್ರಾಯಿಂಗ್ ಮಾಡಿಕೊಡುತ್ತೇನೆ. ಗೇಟು, ಶೀಟಿನ ಮಾಡು, ಅಡಿಕೆ ಒಣಗಿಸುವ ಸೋಲಾರ್ ಗೂಡು, ಇಂಥವೇ. ಶಾಪಿನ ಯಜಮಾನರನ್ನು ಎಲ್ಲರೂ ಅಣ್ಣ ಎಂದೇ ಕರೆಯುವುದು. ಅಣ್ಣ ರ‍್ಯಾಕನ್ನು ಎತ್ತಿ ನೋಡಿ, ಬೆಸುಗೆಯ ಮೇಲೆ ಬೆರಳಾಡಿಸಿ, ‘ಕೆಲಸ ಚಂದ ಉಂಟು’ ಎಂದರು. ಕಾರಿಗೆ ಕೊಳವೆ ಬೆಸುಗೆ ಹಾಕಿ ಕೊಡುವುದಕ್ಕೆ ಮಾತ್ರ ತಲೆಯಾಡಿಸಲಿಲ್ಲ. ‘ನೋಡು, ಬೆಸುಗೆ ಹಾಕಿದ ಮೇಲೆ ಕಾರು ನಿಮ್ಮದು, ಬಿದ್ದರೆ ಹೆಸರು ನನ್ನದು. ಹಿಂದೆ ಬೈಕಿನಲ್ಲಿ ಬರುವವನ ತಲೆ ಯಾರದ್ದು? ಮೊದಲು ಲೆಕ್ಕ ಹಾಕಿ ತಾ.’

ಲೆಕ್ಕ ಹಾಕಿದೆ. ಡಿಪ್ಲೊಮಾದ ಮೊದಲ ವರ್ಷದಲ್ಲಿ ಕಲಿತದ್ದಕ್ಕಿಂತ ಹೆಚ್ಚೇನೂ ಬೇಕಾಗಲಿಲ್ಲ, ಆದ್ದರಿಂದ ನೀವೂ ಹಾಕಬಹುದು. ರ‍್ಯಾಕಿನ ತೂಕ 18 ಕೆ.ಜಿ. ತಂಗಿಯದ್ದು ಒಂದು, ನನ್ನದೊಂದು ಎಂದು ತಲಾ 15 ಕೆ.ಜಿ.ಯ ಎರಡು ಸೈಕಲ್. ಒಟ್ಟು 48 ಕೆ.ಜಿ. ಅಮೆರಿಕದ ಹಿಚ್‌ಗಳಲ್ಲಿ ಅತಿ ಸಣ್ಣ ದರ್ಜೆಯದ್ದೂ 90 ಕೆ.ಜಿ.ಯಷ್ಟು ಲಂಬ ಭಾರಕ್ಕೆ ಮಾಡಿದ್ದು. ಕೇಳಿದರೆ 48 ಏನೂ ಅಲ್ಲ, ಅಜ್ಜಿಯ ತೂಕ. ಆದರೆ ಅಜ್ಜಿ ಸೀಟಿನ ಮೇಲೆ ಕೂರುತ್ತಾರೆ, ಈ 48 ಕೆ.ಜಿ. ಪಿನ್ನಿನಿಂದ ಅರ್ಧ ಮೀಟರ್ ಹಿಂದೆ ಗಾಳಿಯಲ್ಲಿ ತೂಗುತ್ತದೆ. 48 ಕೆ.ಜಿ.ಯ ಬಲ ಸುಮಾರು 470 ನ್ಯೂಟನ್, ಅದನ್ನು ಅರ್ಧ ಮೀಟರಿನಿಂದ ಗುಣಿಸಿದರೆ 235 ನ್ಯೂಟನ್ ಮೀಟರ್ ತಿರುಚು. ಸಣ್ಣ ಕಾರಿನ ಚಕ್ರದ ನಟ್ಟನ್ನು ಬಿಗಿಯುವುದೇ 100ರ ಆಸುಪಾಸು. ಅಂದರೆ ಕಾರು ನಿಂತಲ್ಲೇ ಇರುವಾಗ ಅದರ ಎರಡು ಪಟ್ಟಿಗಿಂತ ಹೆಚ್ಚು. ಹಂಪ್ ಹಾರಿ ಚಕ್ರ ಕೆಳಗೆ ಬಿದ್ದ ಕ್ಷಣದಲ್ಲಿ ಭಾರ ಎರಡು ಮೂರು ಪಟ್ಟಾಗುತ್ತದೆ. ಮೂರು ಪಟ್ಟೆಂದರೆ 700. ನಮ್ಮ ಕಡೆಯ ಹಂಪ್‌ಗಳು ಎಷ್ಟು, ಹೊಂಡಗಳು ಎಷ್ಟು ಎಂದು ನಾನು ಹೇಳಬೇಕಾಗಿಲ್ಲ. ಒಂದು ಸಲದ ಏಟಿಗೆ ಯಾವ ಕಬ್ಬಿಣವೂ ಮುರಿಯುವುದಿಲ್ಲ. ಸಾವಿರ ಸಲ ಅದೇ ಜಾಗಕ್ಕೆ ಬಿದ್ದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಅದು ಬೆಳೆಯುತ್ತದೆ, ಕೊನೆಗೆ ಒಂದು ದಿನ ಸಣ್ಣ ಹೊಂಡಕ್ಕೇ ಕಳಚಿಕೊಳ್ಳುತ್ತದೆ.

ಕಾರಿನ ಮೇಲಾಗುವ ಪರಿಣಾಮ ಇನ್ನೊಂದು. ನಮ್ಮದು ಏಳು ಸೀಟಿನ ಎರ್ಟಿಗಾ. ಅದರ ವೀಲ್‌ಬೇಸ್ 2,740 ಮಿ.ಮೀ. ಸೈಕಲ್‌ಗಳ ಭಾರ ಹಿಂದಿನ ಚಕ್ರದಿಂದ ಸುಮಾರು 1.3 ಮೀಟರ್ ಆಚೆ ಬೀಳುತ್ತದೆ. ತೂಗುಯ್ಯಾಲೆಯ ಲೆಕ್ಕ ಹಾಕಿದರೆ 48 ಕೆ.ಜಿ. ಹಾಕಿದಾಗ ಹಿಂದಿನ ಚಕ್ರಗಳಿಗೆ 71 ಕೆ.ಜಿ. ಹೆಚ್ಚಾಗುತ್ತದೆ, ಮುಂದಿನವು 23 ಕೆ.ಜಿ. ಹಗುರವಾಗುತ್ತವೆ. ಈ ಕಾರನ್ನು ಎಳೆಯುವುದು, ತಿರುಗಿಸುವುದು ಎರಡೂ ಮುಂದಿನ ಚಕ್ರಗಳೇ. ಒಳಗೆ ಐದು ಜನ, ಡಿಕ್ಕಿಯಲ್ಲಿ ಎರಡು ಮೂಟೆ, ಬೆನ್ನಿಗೆ ಎರಡು ಸೈಕಲ್ ಎಂದಾದರೆ ಮಳೆಗಾಲದಲ್ಲಿ ನಮ್ಮ ಮನೆಯ ಮಣ್ಣಿನ ಚಡವು ಹತ್ತುವಾಗ ಮುಂದಿನ ಚಕ್ರ ಸುಮ್ಮನೆ ತಿರುಗುತ್ತದೆ.

ಚಡವಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಊರಿನ ಅರ್ಧ ಮನೆಗಳು ರಸ್ತೆಯಿಂದ ಮೇಲೆ ಗುಡ್ಡದಲ್ಲಿ, ಇಲ್ಲವೇ ಕೆಳಗೆ ತೋಟದಲ್ಲಿ. ರಸ್ತೆಯ ಬದಿಗೆ ತೋಡು, ಅದಕ್ಕೊಂದು ಸ್ಲ್ಯಾಬು, ಸ್ಲ್ಯಾಬು ದಾಟಿದ ತಕ್ಷಣ ಏರು. ಕಾರಿನ ಮೂತಿ ಮೇಲೇರುವಾಗ ಬಾಲ ನೆಲಕ್ಕೆ ಹತ್ತಿರವಾಗುತ್ತದೆ. ಆ ಬಾಲ ಈಗ ಮುಕ್ಕಾಲು ಮೀಟರ್ ಉದ್ದವಾಗಿದೆ, ಅದರ ತುದಿ ಬಂಪರಿಗಿಂತ ಕೆಳಗಿದೆ. ಮೊದಲು ಸ್ಲ್ಯಾಬಿಗೆ ತಾಗುವುದು ಅದೇ. ಅಮೆರಿಕದ ಅಣ್ಣನಿಗೆ ಇದು ತಲೆಬಿಸಿಯೇ ಆಗಿರಲಿಲ್ಲವಂತೆ. ಅಲ್ಲಿ ಮನೆಯ ಎದುರು ಕಾಂಕ್ರೀಟು, ಅದೂ ಮಟ್ಟಸ.

ಬೆಸುಗೆ ಯಾಕೆ ಬೇಡ ಎಂದು ಅಣ್ಣ ಆಮೇಲೆ ಚಹಾ ಕುಡಿಯುತ್ತಾ ವಿವರಿಸಿದರು. ಜೀಪು, ಬೊಲೆರೊದಂಥವಕ್ಕೆ ಕೆಳಗೆ ಏಣಿಯಂತೆ ಎರಡು ಉದ್ದ ತೊಲೆಗಳ ಚಾಸಿಸ್ ಇರುತ್ತದೆ. ಎರ್ಟಿಗಾದಂಥ ಕಾರಿಗೆ ಬೇರೆ ಚಾಸಿಸ್ ಇಲ್ಲ, ತಗಡನ್ನು ಮಡಚಿ ಕೂಡಿಸಿದ ಬಾಡಿಯೇ ಎಲುಬು. ಆ ತಗಡು ತೆಳು ಆದರೂ ಗಟ್ಟಿ, ಕಾರಣ ಅದನ್ನು ಹದ ಮಾಡಿರುವ ರೀತಿ. ಬೆಸುಗೆಯ ಬಿಸಿ ಆ ಹದವನ್ನು ಕೆಡಿಸುತ್ತದೆ. ತುಕ್ಕು ಹಿಡಿಯದಂತೆ ಕಂಪನಿ ಹಾಕಿದ ಲೇಪವೂ ಸುಟ್ಟುಹೋಗುತ್ತದೆ. ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ ಸುರಿಯುವ ಜಿಲ್ಲೆಯಲ್ಲಿ ಲೇಪ ಹೋದ ತಗಡಿನ ಗತಿ ಏನೆಂದು ಹಳೆಯ ಗೇಟುಗಳನ್ನು ನೋಡಿದವರಿಗೆ ಗೊತ್ತು. ಅದು ಸಾಲದೆಂಬಂತೆ ಪೆಟ್ರೋಲ್ ಟ್ಯಾಂಕ್ ಇರುವುದೂ ಹಿಂದುಗಡೆಯೇ.

ಆದರೂ ಅಣ್ಣನಿಗೆ ರ‍್ಯಾಕನ್ನು ಸುಮ್ಮನೆ ಬಿಡಲು ಮನಸ್ಸಿಲ್ಲ. ನನಗೂ ಇರಲಿಲ್ಲ. ಶಾಪಿನಲ್ಲಿ ಅವರದ್ದೇ ಹಳೆಯ ಬೊಲೆರೊ ಇತ್ತು. ಚಾಸಿಸಿನ ಎರಡು ತೊಲೆಗಳಲ್ಲಿ ಇದ್ದ ತೂತುಗಳನ್ನೇ ಬಳಸಿ ಅಡ್ಡಲಾಗಿ ಒಂದು ಪಟ್ಟಿ ಕೂರಿಸುವುದು, ಅದರ ನಡುವೆ ಚೌಕದ ಕೊಳವೆ, ಎಲ್ಲವೂ ಬೋಲ್ಟಿನಲ್ಲಿ, ಬೇಡವಾದಾಗ ಬಿಚ್ಚುವಂತೆ ಎಂದು ನಿರ್ಧಾರವಾಯಿತು. ಇಲ್ಲಿ ಒಂದು ತಮಾಷೆ. ರ‍್ಯಾಕಿನ ಕಾಲು ಎರಡು ಇಂಚು, ಅಂದರೆ 50.8 ಮಿ.ಮೀ. ನಮ್ಮಲ್ಲಿ ಸಿಗುವ 60 ಮಿ.ಮೀ. ಚೌಕದ ಕೊಳವೆಯನ್ನು 5 ಮಿ.ಮೀ. ದಪ್ಪದ್ದು ತಂದರೆ ಒಳಗಿನ ಜಾಗ 50, ಕಾಲು ಹೋಗುವುದಿಲ್ಲ. 4 ಮಿ.ಮೀ. ದಪ್ಪದ್ದು ತಂದರೆ ಒಳಗೆ 52, ಹೋಗುತ್ತದೆ ಆದರೆ ಸಡಿಲ. ಇಂಚಿನ ಲೋಕಕ್ಕೂ ಮಿಲಿಮೀಟರಿನ ಲೋಕಕ್ಕೂ ನಡುವೆ 1.2 ಮಿ.ಮೀ. ಅಂತರ. ಅಷ್ಟೇ ತಾನೇ ಎನ್ನಬೇಡಿ. ಒಳಗೆ ಹೋಗುವ ಭಾಗ 150 ಮಿ.ಮೀ., ಹೊರಗಿನ ತುದಿ 900 ಮಿ.ಮೀ. ದೂರ. ಒಳಗಿನ 1.2 ಹೊರಗೆ 7 ಮಿ.ಮೀ. ಆಗುತ್ತದೆ. ಸೈಕಲ್‌ಗಳು ದಾರಿಯುದ್ದಕ್ಕೂ ಬೇಡ ಬೇಡ ಎಂದು ತಲೆಯಾಡಿಸಿಕೊಂಡು ಬರುತ್ತವೆ. ಕೊಳವೆಯ ಬದಿಗೆ ಒಂದು ನಟ್ಟು ಕೂರಿಸಿ, ಬೋಲ್ಟಿನಿಂದ ಕಾಲನ್ನು ಒಂದು ಮೂಲೆಗೆ ಒತ್ತಿ ಹಿಡಿದೆವು. ಒಳಗಿನ ಬೆಸುಗೆಯ ಗೆರೆಯನ್ನು ಅರದಿಂದ ಉಜ್ಜಿ ತೆಗೆಯಲು ನನಗೆ ಒಂದು ಮಧ್ಯಾಹ್ನ ಬೇಕಾಯಿತು.

ಪರೀಕ್ಷೆ ಮಾಡಿದ್ದು ಕೆಲಸ ನಿಂತ ಒಂದು ಕೆಂಪುಕಲ್ಲಿನ ಕೋರೆಗೆ ಹೋಗುವ ಮಣ್ಣಿನ ದಾರಿಯಲ್ಲಿ. ಸೈಕಲ್ ಬದಲು 25 ಕೆ.ಜಿ.ಯ ಎರಡು ಅಕ್ಕಿ ಮೂಟೆ ಕಟ್ಟಿದೆವು, ನಿಜದ ಭಾರಕ್ಕಿಂತ 20 ಕೆ.ಜಿ. ಹೆಚ್ಚೇ ಇರಲಿ ಎಂದು. ಹೊರಡುವ ಮೊದಲು ಪ್ರತಿ ನಟ್ಟಿನಿಂದ ಪಟ್ಟಿಯವರೆಗೆ ಬಿಳಿ ಪೈಂಟಿನಲ್ಲಿ ಒಂದೊಂದು ಗೆರೆ ಎಳೆದೆ. ನಟ್ಟು ಕೂದಲಿನಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ದೊಡ್ಡ ಕಾರ್ಖಾನೆಗಳಲ್ಲೂ ಇದೇ ಉಪಾಯ, ಖರ್ಚು ಮಾತ್ರ ಒಂದು ರೂಪಾಯಿಯೂ ಇಲ್ಲ. ಆರು ಬೋಲ್ಟುಗಳಿದ್ದವು. ನಾಲ್ಕು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿದರೆ ಎರಡು ಗೆರೆ ಮುರಿದಿತ್ತು. ನೈಲಾನ್ ಉಂಗುರ ಇರುವ ಲಾಕ್ ನಟ್ಟು ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿದು ಮತ್ತೆ ಓಡಿಸಿದೆವು. ಆಮೇಲೆ ಗೆರೆ ಅಲುಗಲಿಲ್ಲ. ಅಕ್ಕಿ ಮೂಟೆಯ ಒಂದು ಮೂಲೆ ಹರಿದು ಕೋರೆಯ ಹಕ್ಕಿಗಳಿಗೆ ಊಟವಾಯಿತು ಎನ್ನುವುದನ್ನು ಬಿಟ್ಟರೆ ನಷ್ಟವಿಲ್ಲ.

ಮೂಟೆ ತೆಗೆದು ಸೈಕಲ್ ಕಟ್ಟಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದಾಗ ಬೇರೆಯೇ ತೊಂದರೆ ಎದುರಾಯಿತು. ಬೊಲೆರೊದ ನಂಬರ್ ಪ್ಲೇಟ್ ಕಾಣುತ್ತಿರಲಿಲ್ಲ. ಎಡಬದಿಯ ಲೈಟು ಅರ್ಧ ಮುಚ್ಚಿತ್ತು. ಸಂಜೆ ಮಳೆಯಲ್ಲಿ ಹಿಂದಿನವನಿಗೆ ನಾವು ಬ್ರೇಕ್ ಹಾಕಿದ್ದೇ ಗೊತ್ತಾಗದಿದ್ದರೆ ಬೋಲ್ಟು ಎಷ್ಟು ಗಟ್ಟಿಯಿದ್ದು ಏನು ಪ್ರಯೋಜನ?

ಕಾನೂನಿನ ಪುಸ್ತಕ ತೆರೆದದ್ದು ಆಗ. ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣಬೇಕೆಂಬುದು ಗೊತ್ತಿರುವ ವಿಷಯವೇ. ಜರ್ಮನಿಯಲ್ಲಿ ರ‍್ಯಾಕು ಪ್ಲೇಟನ್ನು ಮುಚ್ಚಿದರೆ ಅದೇ ಸಂಖ್ಯೆಯ ಇನ್ನೊಂದು ಪ್ಲೇಟನ್ನು ದೀಪದ ಸಮೇತ ರ‍್ಯಾಕಿನ ಮೇಲೆ ಹಾಕಬೇಕು, ಬ್ರಿಟನ್ನಿನಲ್ಲೂ ಹಾಗೆಯೇ. ಅಲ್ಲಿಯ ರ‍್ಯಾಕುಗಳಿಗೆ ಕಾರಿನಿಂದ ವೈರ್ ಎಳೆದು ಬ್ರೇಕ್ ಲೈಟು, ಇಂಡಿಕೇಟರ್ ಕೂಡಾ ಕೊಟ್ಟಿರುತ್ತಾರೆ. ನಮ್ಮಲ್ಲಿ ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಬಿಚ್ಚಲಾಗದ ಲಾಕಿನಿಂದ ಕಾರಿಗೇ ಕೂರಿಸುತ್ತಾರೆ. ತೆಗೆದು ರ‍್ಯಾಕಿಗೆ ಹಾಕೋಣ ಎಂದರೆ ಲಾಕ್ ಮುರಿಯಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ವಾಹನಕ್ಕೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡಾ ಇದನ್ನೇ ಎತ್ತಿಹಿಡಿಯಿತು. ಕಾರಿನ ಮುಂದೆ ಹಾಕಿಸುತ್ತಿದ್ದ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದು ಅದಕ್ಕೂ ಮೊದಲು, 2017ರ ಡಿಸೆಂಬರಿನಲ್ಲಿ. ಇನ್ನು, ಹೊರೆ ವಾಹನದ ಬದಿಗೋ ಹಿಂದಕ್ಕೋ ಮಿತಿ ಮೀರಿ ಚಾಚಿದ್ದರೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ. ಎರ್ಟಿಗಾದ ಅಗಲ 1,735 ಮಿ.ಮೀ. ದೊಡ್ಡ ಚಕ್ರದ ಗೇರ್ ಸೈಕಲ್ಲಿನ ಉದ್ದ 1,800ರ ಹತ್ತಿರ. ಅಡ್ಡ ಕಟ್ಟಿದರೆ ಚಕ್ರದ ಅಂಚು ಕಾರಿನಿಂದ ಹೊರಗೆ ಇಣುಕುತ್ತದೆ. ಮುಂದಿನ ಚಕ್ರ ಬಿಚ್ಚಿದರೆ ಮಾತ್ರ ಒಳಗೆ ನಿಲ್ಲುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಬೋಲ್ಟು ಬಿಚ್ಚಿ ತೆಗೆಯಬಹುದಾದ ರ‍್ಯಾಕ್ ಒಂದು ಮಾತು, ಬಾಡಿಗೆ ಬೆಸುಗೆ ಹಾಕಿದ ಕೊಳವೆ ಇನ್ನೊಂದು ಮಾತು. ಎರಡನೆಯದಕ್ಕೆ ಯಾರಾದರೂ ಕಡಿಮೆ ದುಡ್ಡಿಗೆ ಮಾಡಿಕೊಡುತ್ತೇನೆ ಎಂದರೂ ಹೋಗಬೇಡಿ. ಮನೆಯ ಕಾರೆಂದರೆ ಅದು ನಿಮ್ಮದೊಂದೇ ಅಲ್ಲ. ರಾತ್ರಿ ಅಜ್ಜಿಗೆ ಉಸಿರುಕಟ್ಟಿದರೆ ಆಸ್ಪತ್ರೆಗೆ ಹೋಗುವುದೂ ಅದರಲ್ಲೇ.

ಹಾಗಾದರೆ ಬೇರೆ ದಾರಿ? ಬೆಲ್ಟಿನಿಂದ ಡಿಕ್ಕಿ ಬಾಗಿಲಿಗೆ ಕಟ್ಟುವ ರ‍್ಯಾಕು ಕೆಲವು ಸಾವಿರಕ್ಕೆ ಸಿಗುತ್ತದೆ. ಬೆಂಗಳೂರಿನಿಂದ ಬರುವ ಕಾರುಗಳ ಬೆನ್ನಿಗೆ ನಾನು ಹೆಚ್ಚಾಗಿ ಕಂಡದ್ದು ಅದನ್ನೇ. ಹಗುರ, ಮಡಚಿ ಇಡಬಹುದು. ಆದರೆ ಕೊಕ್ಕೆಗಳು ಬಾಗಿಲಿನ ತಗಡಂಚಿಗೆ ನೇತಾಡುತ್ತವೆ, ಬೆಲ್ಟಿನ ಅಡಿಯಲ್ಲಿ ಒಂದು ಮರಳಿನ ಕಣ ಸಿಕ್ಕಿದರೆ ಪೈಂಟಿನ ಕಥೆ ಮುಗಿಯಿತು, ನಂಬರ್ ಪ್ಲೇಟಿನ ತೊಂದರೆ ಅಲ್ಲೂ ಉಂಟು. ಯಾವ ರ‍್ಯಾಕೇ ಆಗಲಿ, ಸೈಕಲ್ಲಿನ ಟಯರ್ ಸೈಲೆನ್ಸರಿನ ಬಾಯಿಗೆ ನೇರವಾಗಿ ಬರದಂತೆ ನೋಡಿ, ಆ ಬಿಸಿಗೆ ರಬ್ಬರು ಕರಗುತ್ತದೆ. ಹಳೆಯ ಟ್ಯೂಬು ಕತ್ತರಿಸಿದ ರಬ್ಬರ್ ಪಟ್ಟಿ ಎರಡನೇ ಕಟ್ಟಿಗೆ ಚಂದ, ಮೊದಲನೆಯದಕ್ಕೆ ಬಕಲ್ ಇರುವ ಬೆಲ್ಟೇ ಬೇಕು. ನೈಲಾನ್ ಹಗ್ಗ ಮಳೆಗೆ ನೆನೆದರೆ ಎಳೆದುಕೊಳ್ಳುತ್ತದೆ. ಹೊರಟು ಐದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಅಲುಗಾಡಿಸಿ ನೋಡಬೇಕು. ಗುರುವಾಯನಕೆರೆಯಿಂದ ಹೊರಟವರು ಹೇಗೂ ವೇಣೂರಿನಲ್ಲಿ ಚಹಾಕ್ಕೆ ನಿಲ್ಲಿಸುತ್ತಾರೆ, ಬಾಹುಬಲಿಗೆ ಒಂದು ನಮಸ್ಕಾರ ಹಾಕಿ ಬೆಲ್ಟನ್ನೂ ಮುಟ್ಟಿ ನೋಡಬಹುದು.

ಮಾಡಿನ ಮೇಲೆ ಕ್ಯಾರಿಯರ್ ಹಾಕಿದರೆ ಪ್ಲೇಟೂ ಕಾಣುತ್ತದೆ, ಲೈಟೂ ಕಾಣುತ್ತದೆ. ಆದರೆ ಕಾರಿನ ಕೈಪಿಡಿಯಲ್ಲಿ ಮಾಡಿನ ಭಾರಕ್ಕೆ ಮಿತಿ ಬರೆದಿರುತ್ತದೆ, ಅದನ್ನು ಓದದೆ ಕೈ ಹಾಕಬಾರದು. ಕೆಲವು ಕಾರುಗಳ ಮೇಲಿನ ಬೆಳ್ಳಿಬಣ್ಣದ ಕಂಬಿಗಳು ಬರೀ ಅಂದಕ್ಕೆ ಇರುವಂಥವು. 15 ಕೆ.ಜಿ.ಯನ್ನು ತಲೆಯ ಮೇಲೆತ್ತಿ ನೆಟ್ಟಗೆ ನಿಲ್ಲಿಸಲು ಇಬ್ಬರು ಬೇಕು. ಆಮೇಲೆ ಮೇಲೊಂದು ಸೈಕಲ್ ಉಂಟೆನ್ನುವುದು ಮರೆತು ಮನೆಯ ಪೋರ್ಟಿಕೊ ಒಳಗೆ ನುಗ್ಗಿಸಿದವರ ಕಥೆ ಲೋಕದೆಲ್ಲೆಡೆ ಇದೆ. ನಮ್ಮಲ್ಲಾದರೆ ಹಲಸಿನ ಕೊಂಬೆ ಮೊದಲು ತಾಗುತ್ತದೆ. ಹಿಂದುಗಡೆ ಸ್ಟೆಪ್ನಿ ಹೊತ್ತ ಬೊಲೆರೊ, ಥಾರ್‌ನಂಥ ವಾಹನ ಇದ್ದವರಿಗೆ ಆ ಸ್ಟೆಪ್ನಿಗೇ ಬಿಗಿಯುವ ರ‍್ಯಾಕ್ ಎಲ್ಲಕ್ಕಿಂತ ಸುಲಭ. ಆ ಭಾರಕ್ಕೆಂದೇ ಮಾಡಿದ ಬಾಗಿಲು ಅಲ್ಲಿದೆ. ಆದರೂ ಎರಡು ಸೈಕಲ್ ಅತಿಯಾಯಿತು, ಒಂದು ಸಾಕು.

ನಿಜ ಹೇಳಬೇಕೆಂದರೆ ಈ ಕೆಲಸ ಬಸ್ಸಿನದ್ದೇ. ಅಮೆರಿಕದ ಸಿಯಾಟಲ್ ನಗರದಲ್ಲಿ ಬಸ್ಸಿನ ಮೂತಿಗೆ ಮಡಚುವ ರ‍್ಯಾಕ್ ಇದೆ, ಪ್ರಯಾಣಿಕರೇ ಸೈಕಲ್ ಇಟ್ಟು ಹತ್ತುತ್ತಾರೆ. ಡ್ರೈವರಿನ ಕಣ್ಣೆದುರೇ ಇರುವುದರಿಂದ ಕಳವಿನ ಭಯವಿಲ್ಲ. 2021ರಲ್ಲಿ ನಮ್ಮ ಬಿಎಂಟಿಸಿಯೂ ಬೆಂಗಳೂರಿನ ಕೆಲವು ಬಸ್ಸುಗಳ ಮುಂದೆ ಎರಡೆರಡು ಸೈಕಲ್ ಹಿಡಿಯುವ ರ‍್ಯಾಕ್ ಹಾಕಿ ನೋಡಿತ್ತು. ಮೂಡುಬಿದಿರೆಗೆ, ಉಜಿರೆಗೆ ಓದಲು ಬರುವ ಮಕ್ಕಳು ಎಷ್ಟು ಸಾವಿರವೋ. ಬಂಟ್ವಾಳ, ಸಿದ್ದಕಟ್ಟೆ, ಮೂಡುಬಿದಿರೆ ದಾರಿಯ ಒಂದು ಬಸ್ಸಿಗೆ, ಬೆಳ್ತಂಗಡಿ, ವೇಣೂರು ದಾರಿಯ ಇನ್ನೊಂದಕ್ಕೆ ಅಂಥದ್ದು ಹಾಕಿದರೆ ನಮ್ಮ ಅಣ್ಣನೇ ಮಾಡಿಕೊಟ್ಟಾರು. ಡ್ರಾಯಿಂಗ್ ನಾನು ಕೊಡುತ್ತೇನೆ.

ಮೂರನೇ ಇಂಟರ್‌ವ್ಯೂ ಕಳೆದ ತಿಂಗಳು ಆಯಿತು. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು: ‘ಎಂಟು ತಿಂಗಳು ಗ್ಯಾಪ್ ಇದೆ, ಏನು ಮಾಡುತ್ತಿದ್ದಿರಿ?’ ನಾನು ನೋಟ್‌ಬುಕ್ ತೆರೆದು 48 ಕೆ.ಜಿ., ಅರ್ಧ ಮೀಟರ್, ಆರು ಬೋಲ್ಟು, ಬಿಳಿ ಗೆರೆ ಎಲ್ಲ ತೋರಿಸಿದೆ. ಎದುರು ಕೂತವರಲ್ಲಿ ಒಬ್ಬರು ಸೈಕಲ್ ಬಿಡುವವರಂತೆ, ಆ 1.2 ಮಿ.ಮೀ. ಅಂತರವನ್ನು ಹೇಗೆ ಸರಿಮಾಡಿದಿರಿ ಎಂದು ಹತ್ತು ನಿಮಿಷ ಮಾತಾಡಿದರು. ಫಲಿತಾಂಶ ಇನ್ನೂ ಬಂದಿಲ್ಲ. ಕಾಯುವವರಿಗೆ ಇದೊಂದು ಉಪಯೋಗಕ್ಕೆ ಬಂದೀತು ಎಂದು ಬರೆದೆ.

ಅಣ್ಣ ಬೊಲೆರೊದಿಂದ ಕೊಳವೆಯನ್ನು ಬಿಚ್ಚಿ ಶಾಪಿನ ಗೋಡೆಗೆ ತೂಗುಹಾಕಿದ್ದಾರೆ. ಪ್ಲೇಟಿಗೂ ಲೈಟಿಗೂ ನೇರವಾದ ಏರ್ಪಾಡು ಆಗುವವರೆಗೆ ಅದು ರಸ್ತೆಗೆ ಇಳಿಯುವುದಿಲ್ಲ ಎಂಬುದು ಅವರ ಮಾತು. ಇದಾದ ಮೇಲೆ ಇಬ್ಬರು ಗಿರಾಕಿಗಳು ತಮ್ಮ ಕಾರಿಗೆ ಹಿಚ್ ಬೇಕೆಂದು ಬಂದಿದ್ದರು. ಇಬ್ಬರಿಗೂ ನನ್ನ ಲೆಕ್ಕದ ಹಾಳೆ ತೋರಿಸಿದರು. ಒಬ್ಬರು ಕೈಮುಗಿದು ಹೋದರು, ಇನ್ನೊಬ್ಬರು ಬೇರೆ ಶಾಪು ಹುಡುಕಿಕೊಂಡು ಹೋದರು.

ತಂಗಿಯ ಸೈಕಲ್ ದಸರಾ ರಜೆಗೆ ಕಾರಿನ ಒಳಗೇ ಬಂತು. ಹಿಂದಿನ ಸಾಲಿನ ಸೀಟು ಮಡಚಿ, ಮುಂದಿನ ಚಕ್ರ ಬಿಚ್ಚಿ, ಚೈನಿಗೆ ಹಳೆಯ ಬೆಡ್‌ಶೀಟು ಸುತ್ತಿದರೆ ಸರಿಯಾಗಿ ಕೂರುತ್ತದೆ. ಅಡಿಕೆ ಮೂಟೆಯನ್ನು ಅಪ್ಪ ಅವತ್ತು ಮನೆಯಲ್ಲೇ ಬಿಟ್ಟು ಬಂದಿದ್ದರು. ಬಿಚ್ಚಿದ ಚಕ್ರಕ್ಕೆ ಮಾತ್ರ ಜಾಗ ಸಿಗಲಿಲ್ಲ. ಮೂಡುಬಿದಿರೆಯಿಂದ ಮನೆಯವರೆಗೂ ಅಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಸೀರೆಗೆ ಗ್ರೀಸ್ ತಾಗದಂತೆ ಪೇಪರ್ ಹಾಸಿಕೊಂಡು, ದಾರಿಯುದ್ದಕ್ಕೂ ಕಡ್ಡಿಗಳನ್ನು ಎಣಿಸುತ್ತಾ ಬಂದರು. 32 ಉಂಟಂತೆ.